ಮನೆಮಾತಿನ ಬೇರು

ಪ್ರತಿಯೊಂದು ಮನೆಯಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಕೆಲವು ವಸ್ತುಗಳಿರುತ್ತವೆ. ಅಜ್ಜಿಯ ಕಾಲದ ಹಿತ್ತಾಳೆಯ ಚೆಂಬು, ಮುತ್ತಜ್ಜನ ಕಾಲದ ಒರಳುಕಲ್ಲು, ಹಿರಿಯರಾರೋ ಬರೆಸಿಟ್ಟ ಹಳೆಯ ಪತ್ರ, ಇವನ್ನು ಮನೆಯವರು ಜೋಪಾನವಾಗಿ ಕಾಯುತ್ತಾರೆ. ಇವುಗಳಿಗಿಂತಲೂ ಹಳೆಯದಾದ ಇನ್ನೊಂದು ಆಸ್ತಿ ಅದೇ ಮನೆಯಲ್ಲಿ ಇರುತ್ತದೆ. ಅದಕ್ಕೆ ಬೀಗವಿಲ್ಲ, ಪೆಟ್ಟಿಗೆಯಿಲ್ಲ. ಪಾಲು ಮಾಡಿಕೊಳ್ಳುವಾಗ ಅದಕ್ಕಾಗಿ ಯಾರೂ ಜಗಳವಾಡುವುದಿಲ್ಲ. ಆ ಆಸ್ತಿಯೇ ಮನೆಯವರು ದಿನವೂ ಆಡುವ ಮಾತು.

'ಮನೆಮಾತು' ಎಂಬ ಪದಕ್ಕೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳುಂಟು. ಮನೆಯಲ್ಲಿ ಆಡುವ ಭಾಷೆ ಮನೆಮಾತು. ಎಲ್ಲರಿಗೂ ಪರಿಚಿತನಾದ ವ್ಯಕ್ತಿಯ ಹೆಸರೂ ಮನೆಮಾತು. ಇವೆರಡಲ್ಲದೆ ಮೂರನೆಯ ಒಂದು ಬಗೆಯೂ ಇದೆ. ಗದರುವಾಗ, ನಗಿಸುವಾಗ, ಮೆಚ್ಚುವಾಗ, ನಿಟ್ಟುಸಿರಿಡುವಾಗ ಒಂದು ಕುಟುಂಬದವರ ನಾಲಗೆಯ ಮೇಲೆ ತಾನಾಗಿಯೇ ಬರುವ ವಾಡಿಕೆಯ ಮಾತು ಅದು. ಮಕ್ಕಳು ಅದನ್ನು ಹಿರಿಯರಿಂದ ಕಲಿಯುತ್ತಾರೆ, ತಾವೂ ಹಿರಿಯರಾದ ಮೇಲೆ ತಮ್ಮ ಮಕ್ಕಳಿಗೆ ಹೇಳುತ್ತಾರೆ. ಅದರ ಅರ್ಥವನ್ನು ಕೇಳಿದರೆ ಮಾತ್ರ ಹೇಳುವವರು ತಡವರಿಸುತ್ತಾರೆ. ಹೀಗೆ ಅರ್ಥ ಮಸುಕಾಗಿ ಬಳಕೆ ಮಾತ್ರ ಉಳಿದ ಮಾತುಗಳ ಮೂಲವನ್ನು ಹುಡುಕುವುದು ಬರಿಯ ಕುತೂಹಲದ ಆಟವೆಂದು ಕೆಲವರು ತಿಳಿಯುತ್ತಾರೆ. ಆ ತಿಳಿವಳಿಕೆ ಸರಿಯಲ್ಲ. ಒಂದು ಮಾತಿನ ಬೇರನ್ನು ಕಂಡವನು ಅದನ್ನು ಮತ್ತೆ ಹಿಂದಿನಂತೆ ಆಡಲಾರ.

ಮೊದಲು ಸುಲಭವಾದ ಒಂದು ನಿದರ್ಶನವನ್ನು ನೋಡಬಹುದು. "ಅವರು ಹೇಳಿದ್ದು ಹದಿನಾರಾಣೆ ಸತ್ಯ" ಎಂದು ಹಿರಿಯರು ಹೇಳುವುದುಂಟು. ಇಂದಿನ ಬಾಲಕನು ಆಣೆಯ ನಾಣ್ಯವನ್ನು ಕಂಡವನಲ್ಲ. ಅವನು ಆ ಮಾತನ್ನು ಕೇಳಿ ಹದಿನಾರು ಆನೆಗಳ ಸಾಲನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡರೆ ಆಶ್ಚರ್ಯವಿಲ್ಲ. ಅವನಿಗಿಂತ ಸ್ವಲ್ಪ ಬುದ್ಧಿವಂತನಾದವನು ಬೇರೊಂದು ಊಹೆ ಮಾಡಿಯಾನು. ಕನ್ನಡದಲ್ಲಿ 'ಆಣೆ' ಎಂದರೆ ಪ್ರಮಾಣ. 'ದೇವರಾಣೆ' ಎಂದು ಜನರು ಹೇಳುವುದಿಲ್ಲವೇ? ಆದುದರಿಂದ ಹದಿನಾರು ಸಲ ಆಣೆಯಿಟ್ಟು ಹೇಳಿದ ಸತ್ಯವೇ ಹದಿನಾರಾಣೆ ಸತ್ಯ ಎಂದು ಅವನು ತೀರ್ಮಾನಿಸಬಹುದು. ಊಹೆ ಅಂದವಾಗಿದೆ, ಆದರೆ ತಪ್ಪಾಗಿದೆ.

ತಪ್ಪೆಂದು ತಿಳಿಯುವ ಬಗೆ ಹೇಗೆ? ಆ ಮಾತಿನ ನೆಂಟರನ್ನು ವಿಚಾರಿಸಬೇಕು. ಐವತ್ತು ಪೈಸೆಯನ್ನು ಜನರು 'ಎಂಟಾಣೆ' ಎಂದರು, ಇಪ್ಪತ್ತೈದು ಪೈಸೆಯನ್ನು 'ನಾಲ್ಕಾಣೆ' ಎಂದರು. ಹಿಂದೆ ರೂಪಾಯಿಗೆ ಹದಿನಾರು ಆಣೆಗಳಿದ್ದುವು. ೧೯೫೭ನೆಯ ಇಸವಿ ಏಪ್ರಿಲ್ ಒಂದರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಾಗ ರೂಪಾಯಿಯನ್ನು ನೂರು ಪೈಸೆಗಳಾಗಿ ಭಾಗಿಸಲಾಯಿತು. ಆಣೆ ಹೋಯಿತು, ಅದರ ಹೆಸರು ಉಳಿಯಿತು. ರೈತರು ಫಸಲಿನ ಅಂದಾಜನ್ನೂ ಆಣೆಯ ಲೆಕ್ಕದಲ್ಲಿಯೇ ಹೇಳುತ್ತಿದ್ದರು. ಹದಿನಾರಾಣೆ ಬೆಳೆಯೆಂದರೆ ತುಂಬಿದ ಬೆಳೆ, ಎಂಟಾಣೆ ಬೆಳೆಯೆಂದರೆ ಅರ್ಧ ಬೆಳೆ. ಕಂದಾಯದವರು ಹೀಗೆ ಬೆಳೆಯನ್ನು ಅಂದಾಜು ಮಾಡುವುದಕ್ಕೆ ಆಣೆವಾರಿ ಎಂಬ ಹೆಸರೇ ಇತ್ತು. ಬೆಳೆ ಹದಿನಾರಾಣೆಯಾಗುವುದಾದರೆ ಅಲ್ಲಿ ಪ್ರಮಾಣ ಮಾಡುವ ಪ್ರಶ್ನೆಯೆಲ್ಲಿ ಬಂತು? ರೂಪಾಯಿಗೆ ಒಂದು ಕಾಸೂ ಕಡಮೆಯಿಲ್ಲದ, ಪೂರ್ಣವಾದ ಸತ್ಯವೇ ಹದಿನಾರಾಣೆ ಸತ್ಯ.

ಈ ಚಿಕ್ಕ ಹುಡುಕಾಟದಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು, ಅಂದವಾದ ಊಹೆಯೆಲ್ಲ ನಿಜವಲ್ಲ. ಎರಡನೆಯದು, ಮಾತನ್ನು ಒಂಟಿಯಾಗಿ ನಿಲ್ಲಿಸಿ ಪರೀಕ್ಷಿಸಬಾರದು. ಅದರ ಜೊತೆಯ ಮಾತುಗಳನ್ನೂ, ಅದು ಬದುಕಿದ ಕಾಲವನ್ನೂ ಸಾಕ್ಷಿಗೆ ಕರೆಯಬೇಕು. ಈ ಎರಡು ಪಾಠಗಳನ್ನು ಕೈಯಲ್ಲಿ ಹಿಡಿದು, ಇದಕ್ಕಿಂತ ಕಠಿನವಾದ ಒಂದು ಮನೆಮಾತಿನ ಕಡೆಗೆ ತಿರುಗಬಹುದು.

ಸಂಜೆ ಆಟವಾಡಿ ಹಸಿದು ಬಂದ ಹುಡುಗನೊಬ್ಬನು ತಟ್ಟೆಯ ಮುಂದೆ ಕುಳಿತಿದ್ದಾನೆ ಎಂದುಕೊಳ್ಳಬೇಕು. ಬಿಸಿ ಮುದ್ದೆ, ಸಾರು. ಅವನು ಅವಸರ ಅವಸರವಾಗಿ ನುಂಗುತ್ತಿದ್ದಾನೆ. ಅದನ್ನು ಕಂಡ ಅಜ್ಜಿ ಹೇಳುತ್ತಾಳೆ:

"ನಿಧಾನವಾಗಿ ತಿನ್ನೋ ಮಗು. ಬರಗೆಟ್ಟವರ ಹಾಗೆ ತಿನ್ನಬೇಡ."

ಹುಡುಗನು ಕೈ ತಡೆದು ಕೇಳುತ್ತಾನೆ: "ಬರಗೆಟ್ಟವರು ಅಂದರೆ ಯಾರಜ್ಜಿ?"

"ಯಾರೋ ಏನೋ ಕಣಪ್ಪ! ನಮ್ಮಜ್ಜಿ ನನಗೆ ಹಾಗೆ ಅನ್ನುತ್ತಿದ್ದಳು, ನಾನು ನಿನಗೆ ಅಂದೆ. ಊಟ ಮಾಡು."

ಇಂಥ ಪ್ರಸಂಗ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ನಡೆಯುವಂಥದು. ಬೈಯುವವರಿಗೂ ಬೈಸಿಕೊಳ್ಳುವವರಿಗೂ ಆ ಮಾತು ಹೊಸದಲ್ಲ. ಅದು ಆಸೆಬುರುಕತನಕ್ಕೆ ಹೇಳುವ ಮಾತೆಂದು ಇಬ್ಬರಿಗೂ ಗೊತ್ತು. ಆದರೆ 'ಬರಗೆಟ್ಟವರು' ಯಾರೆಂಬ ಪ್ರಶ್ನೆಗೆ ಮಾತ್ರ ಅಡಿಗೆಮನೆಯಲ್ಲಿ ಉತ್ತರವಿಲ್ಲ.

ಇಲ್ಲಿಯೂ ಒಂದು ಅಂದವಾದ ತಪ್ಪು ಊಹೆ ಕಾದು ಕುಳಿತಿದೆ. ಬರಗು ಎಂಬುದು ಒಂದು ಕಿರುಧಾನ್ಯ. ಮಳೆ ಕಡಮೆಯಾದಲ್ಲಿಯೂ ಬೇಗನೆ ಬೆಳೆದು ಕೈಗೆ ಬರುವ ಪೈರು ಅದು. ಅಂಥ ಬರಗೂ ಕೆಟ್ಟುಹೋದವರು ಬರಗೆಟ್ಟವರು ಎಂದರೆ ಕೇಳುವವರು ತಲೆದೂಗಿಯಾರು. ಆದರೆ ವ್ಯಾಕರಣ ಇದನ್ನು ಒಪ್ಪುವುದಿಲ್ಲ. ಬರಗು ಎಂಬ ಪದಕ್ಕೆ ಕೆಟ್ಟವರು ಎಂಬುದು ಸೇರಿದ್ದರೆ 'ಬರಗುಗೆಟ್ಟವರು' ಎಂದಾಗಬೇಕಾಗಿತ್ತು. ಜನರ ಬಾಯಲ್ಲಿರುವ ರೂಪ ಹಾಗಿಲ್ಲ. ಈ ಪದವನ್ನು ಬರ, ಕೆಟ್ಟವರು ಎಂದು ಬಿಡಿಸಬೇಕು. ಎರಡು ಪದಗಳು ಕೂಡುವಾಗ ಉತ್ತರಪದದ ಮೊದಲಿನ ಕಕಾರಕ್ಕೆ ಗಕಾರವು ಆದೇಶವಾಗಿ ಬರುವುದನ್ನು ವಿದ್ಯಾರ್ಥಿಗಳು ಆದೇಶ ಸಂಧಿಯ ಪಾಠದಲ್ಲಿ ಕಲಿತಿರುತ್ತಾರೆ. ಮಳೆ, ಕಾಲ ಎಂಬವು ಸೇರಿ ಮಳೆಗಾಲವಾದಂತೆ, ಬರ, ಕಾಲ ಎಂಬವು ಸೇರಿ ಬರಗಾಲವಾದಂತೆ, ಬರ, ಕೆಟ್ಟವರು ಎಂಬವು ಸೇರಿ ಬರಗೆಟ್ಟವರು.

ಇಷ್ಟಕ್ಕೆ ಒಗಟು ಒಡೆಯಿತೇ? ಇಲ್ಲ. ಇನ್ನೊಂದು ತೊಡಕಿದೆ. ಲಜ್ಜೆಗೆಟ್ಟವನೆಂದರೆ ಲಜ್ಜೆಯನ್ನು ಕಳೆದುಕೊಂಡವನು. ಮತಿಗೆಟ್ಟವನೆಂದರೆ ಮತಿಯಿಲ್ಲದವನು. ನಿದ್ದೆಗೆಟ್ಟವನೆಂದರೆ ನಿದ್ದೆಯನ್ನು ಕಳೆದುಕೊಂಡವನು. ಈ ಸಾಲಿನಲ್ಲಿಯೇ ನಡೆದರೆ ಬರಗೆಟ್ಟವನು ಬರವನ್ನು ಕಳೆದುಕೊಂಡವನಾಗಬೇಕು! ಬರವನ್ನು ಕಳೆದುಕೊಂಡವನು ಸುಖಿ, ಅವನನ್ನು ಹೀಯಾಳಿಸುವುದೇಕೆ? ರೂಪದಲ್ಲಿ ಒಂದೇ ಬಗೆಯಾಗಿ ಕಾಣುವ ಪದಗಳು ಅರ್ಥದಲ್ಲಿ ಬೇರೆ ಬೇರೆಯಾಗಿರಬಹುದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಇಲ್ಲಿ ಕೆಟ್ಟದ್ದು ಬರವಲ್ಲ, ಮನುಷ್ಯ. ಬರದಿಂದ ಕೆಟ್ಟವನು ಬರಗೆಟ್ಟವನು. 'ಕೆಟ್ಟು ಪಟ್ಟಣ ಸೇರು' ಎಂಬ ಗಾದೆಯಲ್ಲಿ ಕೆಡುವುದಕ್ಕೆ ಯಾವ ಅರ್ಥವಿದೆಯೋ ಅದೇ ಅರ್ಥ ಇಲ್ಲಿಯೂ ಇದೆ. ಕೆಟ್ಟವನೆಂದರೆ ಇಲ್ಲಿ ದುಷ್ಟನಲ್ಲ. ಹೊಲ, ದನ, ಮನೆ ಎಲ್ಲವೂ ಹೋಗಿ ಹಾಳಾದವನು.

ಹಾಗಾದರೆ ಅಜ್ಜಿಯು ಅರಿಯದೆಯೇ ಮೊಮ್ಮಗನನ್ನು ಹೋಲಿಸಿದ್ದು ಹಸಿವಿನಿಂದ ಹಾಳಾದ ಜನರಿಗೆ. ಆ ಜನರು ಯಾರು? ಇಲ್ಲಿಗೆ ವ್ಯಾಕರಣದ ಕೆಲಸ ಮುಗಿಯಿತು, ಚರಿತ್ರೆಯ ಕೆಲಸ ಆರಂಭವಾಯಿತು.

ಹಳೆಯ ಮೈಸೂರು ಸೀಮೆಯ ಹಿರಿಯರು ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರಿನಿಂದ ಒಂದು ಮಹಾಕ್ಷಾಮವನ್ನು ನೆನೆಯುತ್ತಿದ್ದರು. ಪಂಚಾಂಗದ ಸಂವತ್ಸರಗಳು ಅರುವತ್ತು; ಒಂದು ಸುತ್ತು ಮುಗಿದ ಮೇಲೆ ಅವೇ ಹೆಸರುಗಳು ಮರಳಿ ಬರುತ್ತವೆ. ಧಾತು ಸಂವತ್ಸರವು ೧೮೭೬ರಲ್ಲಿ ಬಂದಿತು, ೧೯೩೬ರಲ್ಲಿ ಬಂದಿತು, ೧೯೯೬ರಲ್ಲಿಯೂ ಬಂದಿತು. ಆದುದರಿಂದ ಹಿರಿಯರು ಹೇಳಿದ ಸಂವತ್ಸರದ ಹೆಸರೊಂದರಿಂದಲೇ ಇಸವಿಯನ್ನು ನಿರ್ಧರಿಸಲಾಗದು. ಆದರೆ ಧಾತು, ಈಶ್ವರ ಎರಡನ್ನೂ ವ್ಯಾಪಿಸಿದ ಮಹಾಕ್ಷಾಮ ಒಂದೇ. ಅದು ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತದ ಬಹುಭಾಗವನ್ನು ಸುಟ್ಟ ಬರ.

ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಒಂದು ವರ್ಷ ಮಳೆ ತಪ್ಪಿದರೆ ತಡೆದುಕೊಳ್ಳುವ ಶಕ್ತಿ ಈ ನಾಡಿನ ರೈತನಿಗಿತ್ತು. ನೆಲದಲ್ಲಿ ಹಗೇವು ತೋಡಿ ಅದರಲ್ಲಿ ರಾಗಿಯನ್ನು ತುಂಬಿಡುವುದು ಅವನ ರೂಢಿ. ರಾಗಿ ಹಲವು ವರ್ಷ ಕೆಡದೆ ಇರುವ ಧಾನ್ಯ. ಆದರೆ ಮಳೆ ಒಂದರ ಹಿಂದೆ ಒಂದರಂತೆ ತಪ್ಪಿದಾಗ ಹಗೇವುಗಳು ಬರಿದಾದುವು. ಧಾನ್ಯದ ಬೆಲೆ ಬಡವನ ಕೈಗೆ ಎಟುಕದಷ್ಟು ಏರಿತು. ಮೊದಲು ದನಗಳು ಸತ್ತುವು. ಅನಂತರ ಜನರು ಸೊಪ್ಪು, ಗೆಡ್ಡೆ, ಬೇರುಗಳನ್ನು ಅರಸಿ ಹೊರಟರು. ಊರು ಬಿಟ್ಟವರು ಗಂಜಿಯ ಆಸೆಯಿಂದ ಬೆಂಗಳೂರಿನಂಥ ಪಟ್ಟಣಗಳ ಹಾದಿ ಹಿಡಿದರು. ಎಷ್ಟೋ ಮಂದಿ ಹಾದಿಯಲ್ಲಿಯೇ ಬಿದ್ದರು.

ಇದರ ಪರಿಣಾಮವನ್ನು ಎರಡು ಅಂಕೆಗಳು ಹೇಳುತ್ತವೆ. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ಹತ್ತು ವರ್ಷಗಳ ಅನಂತರ, ೧೮೮೧ರಲ್ಲಿ, ಅದು ೪೧,೮೬,೧೮೮. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರದಷ್ಟು ಇಳಿದಿತ್ತು. ಹಿಂದೆ ಆರು ಮಂದಿ ಇದ್ದ ಕಡೆ ಐದು ಮಂದಿ ಉಳಿದರು ಎಂದರೆ ಲೆಕ್ಕ ಸ್ಥೂಲವಾಗಿ ಸರಿಯಾಗುತ್ತದೆ. ಆರು ಮಂದಿಯ ಒಂದು ಮನೆಯನ್ನು ನೆನೆದು, ಅದರಲ್ಲಿ ಯಾರೊಬ್ಬರನ್ನು ಕಳೆಯುವುದೆಂದು ಯೋಚಿಸಿದರೆ ಅಂಕೆಗೆ ಜೀವ ಬರುತ್ತದೆ.

ಸರಕಾರ ಏನನ್ನೂ ಮಾಡಲಿಲ್ಲವೆಂದು ಹೇಳುವಂತಿಲ್ಲ. ಗಂಜಿಕೇಂದ್ರಗಳು ತೆರೆದುವು, ಬರಪರಿಹಾರದ ಕಾಮಗಾರಿಗಳು ನಡೆದುವು. ೧೮೮೨ರಲ್ಲಿ ಮೈಸೂರನ್ನು ಮುಟ್ಟಿದ ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸ ಆರಂಭವಾದುದು ಆ ಬರದ ಕಾಲದಲ್ಲಿಯೇ. ಆದರೆ ಮಾಡಿದ್ದು ಸಾಲಲಿಲ್ಲ, ಮಾಡಿದುದರಲ್ಲಿ ಕರುಣೆಯೂ ಸಾಲಲಿಲ್ಲ. ಬಳ್ಳಾರಿಯನ್ನೂ ಒಳಗೊಂಡಿದ್ದ ಅಂದಿನ ಮದರಾಸು ಪ್ರಾಂತದಲ್ಲಿ, ೧೮೭೭ರ ಆರಂಭದಲ್ಲಿ, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಸಲಹೆಯಂತೆ ಪರಿಹಾರದ ಕೂಲಿಯನ್ನು ಇಳಿಸಲಾಯಿತು. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು, ಎಂದರೆ ಸುಮಾರು ೪೫೦ ಗ್ರಾಂ ಧಾನ್ಯ. ಅದರ ಮೇಲೆ ಒಂದು ಆಣೆ. ಹದಿನಾರಾಣೆ ಎಂಬ ಮಾತಿನಲ್ಲಿ ಪೂರ್ಣತೆಯ ಅಳತೆಯಾಗಿ ಉಳಿದಿರುವ ಆ ಆಣೆ ಇಲ್ಲಿ ಒಂದು ಜೀವದ ಬೆಲೆಯಾಗಿತ್ತು. ಈ ಕೂಲಿ ದುಡಿಯುವ ದೇಹವನ್ನು ಉಳಿಸಲಾರದೆಂದು ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದರು. ಆ ವರ್ಷದ ಜನವರಿ ಒಂದರಂದೇ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ವೈಭವದ ದರ್ಬಾರು ನಡೆದಿತ್ತು. ದೇಶದಿಂದ ಧಾನ್ಯ ಹಡಗುಗಳಲ್ಲಿ ಹೊರಕ್ಕೆ ಹೋಗುವುದೂ ನಿಂತಿರಲಿಲ್ಲ.

ಆ ಬರಕ್ಕೂ ಇಂದಿಗೂ ನಡುವೆ ಸುಮಾರು ನೂರೈವತ್ತು ವರ್ಷಗಳು. ಇದು ಬಹು ದೀರ್ಘವಾದ ಕಾಲವೆಂದು ತೋರಬಹುದು. ಆದರೆ ಅಜ್ಜಿಯರ ಲೆಕ್ಕದಲ್ಲಿ ಅದು ದೀರ್ಘವಲ್ಲ. ಇಂದು ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ತನ್ನ ಅಜ್ಜಿಯಿಂದ ಈ ಮಾತನ್ನು ಕಲಿತಿದ್ದರೆ, ಆ ಅಜ್ಜಿಗೆ ಅದನ್ನು ಹೇಳಿದವಳು ಆ ಎರಡು ವರ್ಷಗಳನ್ನು ಕಣ್ಣಾರೆ ಕಂಡವಳಾಗಿರಬಹುದು. ನಡುವೆ ಇರುವುದು ಮೂರೋ ನಾಲ್ಕೋ ಬಾಯಿ, ಅಷ್ಟೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಷ್ಟು ಸಾಮಗ್ರಿ ದೊರೆತ ಮೇಲೆ, 'ಬರಗೆಟ್ಟವರು ಎಂಬ ಮಾತು ಹುಟ್ಟಿದ್ದು ೧೮೭೬ರಲ್ಲಿ' ಎಂದು ಸಾರುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆ ಆಸೆಯನ್ನು ಅಡಗಿಸಬೇಕು. ಕನ್ನಡನಾಡಿಗೆ ಬರ ಬಂದದ್ದು ಅದೊಂದೇ ಸಲವಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ದಖನ್ ಪ್ರದೇಶವನ್ನು ವರ್ಷಗಟ್ಟಲೆ ಕಾಡಿದ ಕ್ಷಾಮವನ್ನು ಜನರು ದುರ್ಗಾದೇವಿಯ ಬರವೆಂದು ಕರೆದರು. ೧೭೯೧-೯೨ರಲ್ಲಿ ಬಂದ ಇನ್ನೊಂದು ಬರದಲ್ಲಿ ಸತ್ತವರನ್ನು ಮಣ್ಣುಮಾಡುವವರೂ ಇಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುವೆಂದು ಅದಕ್ಕೆ ತಲೆಬುರುಡೆಯ ಬರವೆಂಬ ಹೆಸರೇ ಬಂದಿತು. ಬರಗೆಟ್ಟವರು ಪ್ರತಿಯೊಂದು ಬರದಲ್ಲಿಯೂ ಇದ್ದರು. ಹಳ್ಳವೊಂದು ಹಲವು ತೊರೆಗಳ ನೀರನ್ನು ಕೂಡಿಸಿಕೊಂಡು ಹರಿಯುವಂತೆ, ಈ ಒಂದು ಪದ ಹಲವು ಬರಗಳ ನೆನಪನ್ನು ಕೂಡಿಸಿಕೊಂಡು ಹರಿದಿದೆ. ಎಲ್ಲ ಮಾತಿಗೂ ಒಂದು ಜನ್ಮದಿನವನ್ನು ಗೊತ್ತುಮಾಡಬೇಕೆಂಬ ಹಟ ಒಳ್ಳೆಯದಲ್ಲ. ಮೂಲವನ್ನು ಅರಸುವವನಿಗೆ ಉತ್ಸಾಹ ಎಷ್ಟು ಬೇಕೋ ಸತ್ಯನಿಷ್ಠೆಯೂ ಅಷ್ಟೇ ಬೇಕು.

ಇಷ್ಟು ತಿಳಿದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ. ಬರದಿಂದ ಕೆಟ್ಟವರನ್ನು ಕುರಿತು ಮರುಕ ಸೂಚಿಸಬೇಕಾಗಿದ್ದ ಪದ ಬೈಗಳಾದದ್ದು ಹೇಗೆ? ವಾರಗಟ್ಟಲೆ ಅನ್ನ ಕಾಣದವನು ಎಲೆಯ ಮುಂದೆ ಕುಳಿತಾಗ ಅವನ ಕೈ ನಡುಗುತ್ತದೆ, ಬಾಯಿ ಅವಸರಪಡುತ್ತದೆ. ನೋಡುವವನ ಹೊಟ್ಟೆ ತುಂಬಿದ್ದರೆ ಅವನಿಗೆ ಕಾಣುವುದು ಹಸಿವಲ್ಲ, ಅಸಭ್ಯತೆ. ಹೊಟ್ಟೆ ತುಂಬಿದವನ ಕಣ್ಣಿನಿಂದ ನೋಡಿದ ಹಸಿವಿನ ಚಿತ್ರವೇ ಈ ಮಾತಿನಲ್ಲಿ ಅಚ್ಚೊತ್ತಿದೆ. ಹಸಿವು ಒಂದು ಸಂಕಟವೆಂಬುದು ಮರೆತುಹೋಗಿ ಅದು ಒಂದು ಕೆಟ್ಟ ನಡತೆಯಾಗಿ ಉಳಿಯಿತು. ಬರ ಮನುಷ್ಯನಿಗೆ ಮಾಡಿದ ಅನ್ಯಾಯ ಒಂದು; ಭಾಷೆ ಅವನಿಗೆ ಮಾಡಿದ ಅನ್ಯಾಯ ಇನ್ನೊಂದು.

ಇದಕ್ಕೆ ಎರಡು ಬಗೆಯ ಆಕ್ಷೇಪಗಳು ಬರಬಹುದು. ಮಾತಿಗೆ ಅರ್ಥ ಬರುವುದು ಬಳಕೆಯಿಂದ; ಮೂಲವನ್ನು ಕೆದಕಿ ಪ್ರಯೋಜನವೇನು ಎಂದು ಕೆಲವರು ಕೇಳುತ್ತಾರೆ. ಅಜ್ಜಿಯ ಮನಸ್ಸಿನಲ್ಲಿ ಯಾವ ಕ್ರೌರ್ಯವೂ ಇರಲಿಲ್ಲ. ಮೊಮ್ಮಗನ ಗಂಟಲಿಗೆ ತುತ್ತು ಸಿಕ್ಕಬಾರದೆಂಬ ಅಕ್ಕರೆ ಮಾತ್ರ ಇತ್ತು. ಇದು ನಿಜ. ಆದರೆ ಅಕ್ಕರೆಯಿಂದ ಆಡಿದ ಅದೇ ಮಾತನ್ನು ಮಗು ನಾಳೆ ಬೇರೆಡೆ ಆಡುತ್ತದೆ. ಮದುವೆಯ ಮನೆಯಲ್ಲಿ ಎರಡನೆಯ ಸಲ ಅನ್ನ ಕೇಳಿದ ಬಡವನನ್ನು ಕಂಡು ಆಡುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬಂದ ಸಹಪಾಠಿಯನ್ನು ಕಂಡು ಆಡುತ್ತದೆ. ಆಗ ಬಳಕೆಯ ಅರ್ಥ ಕಳಚಿಬಿದ್ದು ಮೂಲದ ಅರ್ಥ ಮೇಲೇಳುತ್ತದೆ. ಹಸಿಯದವನಿಗೆ ಹೇಳಿದಾಗ ತಮಾಷೆಯಾಗಿದ್ದ ಮಾತು ಹಸಿದವನಿಗೆ ತಾಕಿದಾಗ ಗಾಯವಾಗುತ್ತದೆ.

ಇನ್ನು ಕೆಲವರು, ಇಂಥ ಮಾತುಗಳನ್ನು ಭಾಷೆಯಿಂದಲೇ ಕಿತ್ತೊಗೆಯಬೇಕೆನ್ನುತ್ತಾರೆ. ಅದೂ ಸರಿಯಾದ ದಾರಿಯಲ್ಲ. ಹತ್ತಾರು ಸಾವಿರ ಹಳ್ಳಿಗಳ ಸಂಕಟಕ್ಕೆ ಕಲ್ಲಿನ ಶಾಸನಗಳಿಲ್ಲ. ಧಾತು ಈಶ್ವರದಲ್ಲಿ ಸತ್ತ ಕೂಲಿಯವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನ ಪಾಲಿಗೆ ಉಳಿದಿರುವ ಗುರುತು ಬರಗೆಟ್ಟವನು ಎಂಬ ಈ ಪದವೊಂದೇ. ಅದನ್ನೂ ಅಳಿಸಿದರೆ ಅವನು ಎರಡನೆಯ ಸಲ ಸತ್ತಂತಾಗುತ್ತದೆ. ಆದುದರಿಂದ ಪದವನ್ನು ಉಳಿಸಿಕೊಳ್ಳಬೇಕು, ಅದರ ಅರ್ಥವನ್ನು ಅದಕ್ಕೆ ಮರಳಿ ಕೊಡಬೇಕು. ಅರ್ಥ ತಿಳಿದವನ ನಾಲಗೆ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಅದಕ್ಕೆ ಬೇರೆ ಕಾನೂನು ಬೇಕಿಲ್ಲ.

ಹೀಗೆ ಮರಳಿ ಬಂದ ಅರ್ಥ ಇಂದಿನ ಬದುಕಿನ ಮೇಲೂ ಬೆಳಕು ಚೆಲ್ಲುತ್ತದೆ. ಬರವೆಂದರೆ ಆಹಾರವೇ ಇಲ್ಲದಿರುವುದೆಂದು ಬಹುಕಾಲ ಜನರು ನಂಬಿದ್ದರು. ಊರಿನಲ್ಲಿ ಆಹಾರವಿದ್ದೂ ಅದನ್ನು ಪಡೆಯುವ ಶಕ್ತಿ ಬಡವನಿಗೆ ಇಲ್ಲದಾದಾಗ ಕ್ಷಾಮ ಉಂಟಾಗಬಹುದೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೆನ್ ಅವರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮಳೆ ಇಂದಿಗೂ ತಪ್ಪುತ್ತದೆ, ಬೆಳೆ ಇಂದಿಗೂ ಒಣಗುತ್ತದೆ. ಆದರೆ ೧೮೭೭ರಲ್ಲಿ ಸತ್ತಂತೆ ಜನರು ಸಾಯುವುದಿಲ್ಲ. ಇದಕ್ಕೆ ಕಾರಣ ಮೋಡಗಳ ದಯೆಯಲ್ಲ, ಮನುಷ್ಯರ ವ್ಯವಸ್ಥೆ. ನೀರಾವರಿ, ಪಡಿತರದ ಅಂಗಡಿ, ಬರದ ವರ್ಷದಲ್ಲಿ ಕೆಲಸ, ಇವೆಲ್ಲ ಆ ವ್ಯವಸ್ಥೆಯ ಅಂಗಗಳು. ಕರ್ನಾಟಕದ ಶಾಲೆಗಳಲ್ಲಿ ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವೂ ಅದರ ಒಂದು ಅಂಗ. ಆ ಊಟದ ಸಾಲಿನಲ್ಲಿ ಬೇಗ ಬೇಗ ಉಣ್ಣುವ ಹುಡುಗನನ್ನು ಕಂಡು ನಗುವವನು, ಆ ಸಾಲು ಏಕೆ ಹುಟ್ಟಿತೆಂಬುದನ್ನು ತಿಳಿಯದವನು. ತಿಳಿದವನು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿಸುತ್ತಾನೆ.

ಒಂದು ಮನೆಮಾತಿನ ಬೇರು ಇಷ್ಟು ಆಳಕ್ಕೆ ಇಳಿಯುವುದಾದರೆ, ಪ್ರತಿಯೊಂದು ಮನೆಯಲ್ಲಿಯೂ ಇಂಥ ಎಷ್ಟು ಮಾತುಗಳು ಹುದುಗಿರಬಹುದು! ಅವನ್ನು ಹುಡುಕಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಮೊದಲು ಮಾತನ್ನು ಹಿರಿಯರು ಆಡುವಂತೆಯೇ, ತಿದ್ದದೆ, ಬರೆದುಕೊಳ್ಳಬೇಕು. ಅದನ್ನು ಯಾರಿಂದ ಕೇಳಿದರು, ಯಾವ ಸಂದರ್ಭದಲ್ಲಿ ಆಡುತ್ತಿದ್ದರು ಎಂದು ವಿಚಾರಿಸಬೇಕು. ನೆರೆಮನೆಯಲ್ಲಿ, ನೆಂಟರ ಊರಿನಲ್ಲಿ ಅದೇ ಮಾತು ಬೇರೆ ರೂಪದಲ್ಲಿದೆಯೇ ಎಂದು ನೋಡಬೇಕು. ಆಮೇಲೆ ವ್ಯಾಕರಣ, ನಿಘಂಟು, ಪಂಚಾಂಗ, ಚರಿತ್ರೆಯ ಪುಸ್ತಕಗಳ ನೆರವು ಪಡೆಯಬೇಕು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಂಥ ಗ್ರಂಥಗಳಲ್ಲಿ ಇಂದು ಮರೆತುಹೋದ ಎಷ್ಟೋ ಅರ್ಥಗಳು ಸುರಕ್ಷಿತವಾಗಿವೆ. ಆದರೆ ನಿಘಂಟು ಎಲ್ಲಿಗೂ ಓಡಿಹೋಗುವುದಿಲ್ಲ. ನಾಳೆ ನೋಡಿದರೂ ಸಿಕ್ಕೀತು. ಅಜ್ಜಿಯ ನೆನಪು ಹಾಗಲ್ಲ. ಅದನ್ನು ಕೇಳಬೇಕಾದದ್ದು ಇಂದು.

ಊಟದ ತಟ್ಟೆಯ ಮುಂದೆ ಕೈ ತಡೆದು "ಯಾರಜ್ಜಿ?" ಎಂದು ಕೇಳಿದ ಹುಡುಗನು ತಪ್ಪೇನೂ ಮಾಡಲಿಲ್ಲ. ಆ ಮನೆಯಲ್ಲಿ ಎಷ್ಟೋ ಕಾಲದಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಅವನು ಕೇಳಿದ. ಉತ್ತರ ತಿಳಿದ ಮೇಲೆ ಅವನು ಅಜ್ಜಿಯ ಪಕ್ಕದಲ್ಲಿ ಕುಳಿತು ಅವಳಿಗೂ ಅದನ್ನು ಹೇಳಲಿ. ಮುಂದೆ ಅವನ ಮಕ್ಕಳು ಅವಸರದಿಂದ ಉಣ್ಣುವುದನ್ನು ಕಂಡಾಗ ಅವನು ಬೇರೊಂದು ಮಾತು ಆಡಿಯಾನು. ಒಂದು ವೇಳೆ ಅದೇ ಮಾತನ್ನು ಆಡಿದರೂ, ಅದರ ಹಿಂದೆಯೇ ಬರಗೆಟ್ಟವರ ಕಥೆಯನ್ನೂ ಹೇಳಿಯಾನು.